ಕೊಲೆಗಾರ ಸಿಕ್ಕರೆ ಸಾಕೆ?

ಪತ್ತೇದಾರಿ ಕಾದಂಬರಿ ಅಂದರೆ ಮೂಗು ಮುರಿಯುವ ಪಂಡಿತರು ಚೆಸ್ಟರ್ ಹೈಮ್ಸ್‌ನನ್ನು ಓದಬೇಕು. 1909ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ಈ ಕಪ್ಪು ಲೇಖಕ 1928ರಲ್ಲಿ ದರೋಡೆ ಮಾಡಿ ಜೈಲು ಸೇರಿದ. ಕತೆ ಬರೆಯಲು ಹತ್ತಿದ್ದು ಅಲ್ಲೇ. 1953ರಲ್ಲಿ ದೇಶ ಬಿಟ್ಟು ಪ್ಯಾರಿಸ್ಸಿಗೆ ಹೋದ. ಹೊಟ್ಟೆಪಾಡಿಗೆ ಪತ್ತೇದಾರಿ ಹಿಡಿದ. 1958ರಲ್ಲಿ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಪ್ರಶಸ್ತಿ ಅವನದಾಯಿತು.

ಅವನ ಪತ್ತೇದಾರರು ಕಾಫಿನ್ ಎಡ್, ಗ್ರೇವ್ ಡಿಗ್ಗರ್. ನ್ಯೂಯಾರ್ಕಿನಲ್ಲಿ ಕಪ್ಪು ಜನ ಬದುಕುವ ಹಾರ್ಲೆಮ್‌ನ ಪೊಲೀಸರು. ತಾವೂ ಕಪ್ಪು ಜನವೇ. ಪಿಸ್ತೂಲು ಬಿಳಿಯರ ಸರ್ಕಾರದ್ದು, ಪೆಟ್ಟು ತಿನ್ನೋ ಬೆನ್ನು ತಮ್ಮವರದು. ಇದನ್ನು ನಾವು ಮೆಚ್ಚಲಾರೆವು. ಹೈಮ್ಸ್ ಅದನ್ನು ಮುಚ್ಚಿಡಲೂ ಇಲ್ಲ.

ಉಳಿದ ಪತ್ತೇದಾರಿಗಳಲ್ಲಿ ಕೊಲೆಗಾರ ಸಿಕ್ಕಿದರೆ ಲೋಕ ಸರಿಹೋಯ್ತು. ಹಾರ್ಲೆಮ್‌ನಲ್ಲಿ ಅವನು ಸಿಕ್ಕಿದರೂ ಹಸಿವು, ಬಾಡಿಗೆ, ಇಲಿ ಹಾಗೇ ಇರ್ತವೆ. 1969ರ 'ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ಟಲ್'ನಲ್ಲಂತೂ ಕೊಲೆ ಬಗೆಹರಿಯುವುದೇ ಇಲ್ಲ. ಕೊನೆಗೆ ಕುರುಡನೊಬ್ಬ ರೈಲಿನಲ್ಲಿ ಸಿಕ್ಕತ್ತ ಗುಂಡು ಹಾರಿಸುತ್ತಾನೆ. ಕತೆ ಕೆಟ್ಟಿತು ಅನ್ನುವವರನ್ನು ನಾವು ಕೇಳುತ್ತೇವೆ: ಇಡೀ ಬೀದಿಯನ್ನು ದಿನಾ ಕೊಲ್ಲುವ ವ್ಯವಸ್ಥೆಗೆ ಯಾವ ಪತ್ತೇದಾರ ಬೇಡಿ ಹಾಕ್ತಾನೆ?

ಹೈಮ್ಸ್ 1984ರಲ್ಲಿ ಸ್ಪೇನಿನಲ್ಲಿ ತೀರಿಕೊಂಡ. ಅವನು ಸವೆಸಿದ ದಾರಿಯಲ್ಲೇ ವಾಲ್ಟರ್ ಮೋಸ್ಲಿ 1990ರಲ್ಲಿ ಈಜಿ ರಾಲಿನ್ಸ್‌ನನ್ನು ನಡೆಸಿದ. ಕೊನೇ ಪುಟದಲ್ಲಿ ಉತ್ತರವಿಲ್ಲ ಅಂತ ಗೊಣಗಬೇಡಿ ಗೆಳೆಯರೇ. ಅದನ್ನು ಬರೆಯಬೇಕಾದವರು ಓದಿದವರು.