ಮಗು ಎಲ್ಲಿ ನಿಲ್ಲಿಸುತ್ತದೆ?

ದಲಿತ ಆತ್ಮಕತೆಗಳ ಬಾಲ್ಯದ ಪುಟಗಳ ಬಗ್ಗೆ ಎರಡು ದೂರುಗಳಿವೆ. ಹೆಣಿಗೆ ಸಾಲದು, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ ಅನ್ನುವುದು ಮಡಿವಂತ ವಿಮರ್ಶಕರದು. ಸಿಟ್ಟು ಸಾಲದು, ನಗು ಹೆಚ್ಚಾಯಿತು ಅನ್ನುವುದು ನಮ್ಮ ಗೆಳೆಯರದೇ ದೂರು. ಎರಡು ಕಡೆಯವರೂ ಒಂದು ಪ್ರಶ್ನೆ ಕೇಳಿಕೊಂಡಿಲ್ಲ. ಮಗುವೊಂದು ತನಗಾದದ್ದನ್ನು ಹೇಳುವಾಗ ಮಾತಿನ ಕ್ರಮವನ್ನು ನಿರ್ಧರಿಸುವುದು ಯಾವುದು? ನಡೆದ ಘಟನೆಯೋ, ಎದೆಯೊಳಗಿನ ಭಾವವೋ?

ಕೆರೋಲ್ ಪೀಟರ್ಸನ್ ಮತ್ತು ಅಲಿಸಾ ಮೆಕೇಬ್ 1983ರಲ್ಲಿ ತಂದ ಪುಸ್ತಕ ಇಲ್ಲಿ ನೆರವಿಗೆ ಬರುತ್ತದೆ. ಮೂರೂವರೆಯಿಂದ ಒಂಬತ್ತೂವರೆ ವರ್ಷದ ಮಕ್ಕಳು ತಮ್ಮ ಬದುಕಿನಲ್ಲಿ ಆದದ್ದನ್ನು ಹೇಳಿದ ಕತೆಗಳು ಅದರ ಸಾಮಗ್ರಿ. ನಾಲ್ಕರ ಮಗು ಘಟನೆಯಿಂದ ಘಟನೆಗೆ ಜಿಗಿಯುತ್ತದೆ, ನಡುವಿನದನ್ನು ಬಿಡುತ್ತದೆ. ಐದರ ಮಗು ಕತೆಯನ್ನು ಭಾವ ಉಕ್ಕುವ ತನಕ ತಂದು ಅಲ್ಲೇ ಬಿಟ್ಟುಬಿಡುತ್ತದೆ. ಆಮೇಲೇನಾಯಿತು ಅನ್ನುವುದು ಅದಕ್ಕೆ ಬೇಕಿಲ್ಲ. ಆರರ ಹೊತ್ತಿಗೆ ದೊಡ್ಡವರು ಮೆಚ್ಚುವ ಮುಕ್ತಾಯ ಕಾಣಿಸುತ್ತದೆ. ಈ ಅಳತೆಗೋಲಿನ ಮೂಲ ಲಬೋವ್ ಮತ್ತು ವಾಲೆಟ್ಸ್ಕಿಯವರ 1967ರ ಪ್ರಬಂಧ. ನಡೆದದ್ದನ್ನು ಸಾಲಾಗಿ ಹೇಳಿದ ಮಾತ್ರಕ್ಕೆ ಅದು ಕತೆಯಲ್ಲ. ಅದು ತನಗೆ ಏನಾಗಿತ್ತು ಅನ್ನುವುದಕ್ಕೆ ಹೇಳುವವರು ಮಾತಿನಲ್ಲೇ ಗುರುತು ಹಾಕುತ್ತಾರೆ ಅಂದರು ಅವರು. ಹೇಳಿದ್ದನ್ನೇ ಮತ್ತೆ ಹೇಳುವುದು ಅಂಥದ್ದೊಂದು ಗುರುತು.

ಇವೆಲ್ಲ ಅಮೆರಿಕದ ಮಾತು, ಕೇರಿಗೆ ಹೊಂದುತ್ತದೆಯೇ ಅನ್ನಬಹುದು. ನಾನು ಪಾಠ ಹೇಳುವಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ಹಬ್ಬದ ಮಾರನೇ ದಿನ ಹೇಳಿದ್ದು ಇಷ್ಟು: "ಹಬ್ಬದಲ್ಲಿ ಲಾಡು ಕೊಟ್ರು ಸಾ. ಮ್ಯಾಲಿಂದ ಹಾಕುದ್ರು. ನಮ್ಮಣ್ಣಂಗೂವೆ ಮ್ಯಾಲಿಂದ. ನಾ ಹಿಂಗ್ ಹಿಡ್ಕಂಡೆ. ಮ್ಯಾಲಿಂದ ಹಾಕುದ್ರಲ್ಲ, ಬಿದ್ದೋಯ್ತು. ನಾಯಿ ತಿಂದ್ಬುಡ್ತು."

ಅಲ್ಲಿಗೆ ಮುಗಿಯಿತು. ಕಣ್ಣಲ್ಲಿ ನೀರಿತ್ತು, ಕೋಪವೆಲ್ಲ ನಾಯಿಯ ಮೇಲೆ. ಜೊತೆಗಿದ್ದ ಮೇಷ್ಟ್ರು, "ಎಲ್ಲಿ, ಯಾವಾಗ, ಯಾರು ಅಂತ ನೆಟ್ಟಗೆ ಹೇಳೋಕೆ ಬರಲ್ಲ ಇವಕ್ಕೆ" ಅಂದರು. ನಮ್ಮ ಸಂಘಟನೆಯ ಗೆಳೆಯನಿಗೆ ಹೇಳಿದರೆ ಅವನಿಗೆ ನಾಯಿ ಬೇಡ, ಹಾಕಿದವರ ಹೆಸರು ಬೇಕು. ಬೇಕಾದ್ದೇ, ಹೆಸರಿಲ್ಲದೆ ಕೇಸು ನಿಲ್ಲುವುದಿಲ್ಲ. ಆದರೆ ಕತೆಯಾಗಿ ಕೇಳಿ ನೋಡಿ. 'ಮ್ಯಾಲಿಂದ' ಮೂರು ಸಲ ಬಂದಿದೆ. ಅಸ್ಪೃಶ್ಯತೆ ಅನ್ನುವ ಪದ ಆ ಮಗುವಿನ ಬಳಿ ಇಲ್ಲ. ಕೈಗೆ ಕೈ ತಾಗದ ಹಾಗೆ ಬಿದ್ದ ಲಾಡುವಿನ ಎತ್ತರ ಮಾತ್ರ ಅದಕ್ಕೆ ಗೊತ್ತು. ಹಾಕಿದವರನ್ನು ಕತೆಯಿಂದ ಬಿಟ್ಟದ್ದು ಮರೆತಲ್ಲ ಅಂತಲೇ ನನ್ನ ಎಣಿಕೆ. ಅವರ ಮೇಲೆ ಕೋಪ ಮಾಡಿಕೊಳ್ಳಬಹುದು ಅನ್ನುವುದೇ ಇನ್ನೂ ಆ ಮಗುವಿಗೆ ತಿಳಿದಿಲ್ಲ. ನಾಯಿಯ ಮೇಲಾದರೆ ಮಾಡಿಕೊಳ್ಳಬಹುದು, ಭಯವಿಲ್ಲ.

ಭಯದ ಮಾತು ಬಂತು. ಲಬೋವ್ 1969ರ ಇನ್ನೊಂದು ಪ್ರಬಂಧದಲ್ಲಿ ಹಾರ್ಲೆಮ್‌ನ ಎಂಟು ವರ್ಷದ ಕಪ್ಪು ಹುಡುಗ ಲಿಯಾನ್‌ನ ಪ್ರಸಂಗ ಬರೆಯುತ್ತಾರೆ. ಏನು ಕೇಳಿದರೂ ಒಂದೆರಡು ಪದದ ಉತ್ತರ. ಕೇಳುತ್ತಿದ್ದ ಕ್ಲಾರೆನ್ಸ್ ರಾಬಿನ್ಸ್ ಕೂಡ ಕಪ್ಪು ಮನುಷ್ಯನೇ. ಮುಂದಿನ ಸಲ ಆತ ಚಿಪ್ಸ್ ತಂದ, ಹುಡುಗನ ಗೆಳೆಯನನ್ನು ಕರೆದುಕೊಂಡು ಬಂದ, ತಾನು ನೆಲದ ಮೇಲೆ ಕೂತ. ಹುಡುಗರಿಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡಿದರು. ಇಂಥ ಮಕ್ಕಳಿಗೆ ಭಾಷೆಯೇ ಇಲ್ಲ ಅಂತ ಪಂಡಿತರು ಬರೆಯುತ್ತಿದ್ದ ಕಾಲ ಅದು. ನಮ್ಮವರೇ ಎದುರಿಗೆ ಕೂತರೂ ಸಾಲದು, ಕುರ್ಚಿಯಿಂದ ಇಳಿಯಬೇಕು. (ಕೇರಿಗೆ ಟೇಪ್ ರೆಕಾರ್ಡರ್ ಹಿಡಿದು ಹೋಗುವ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಗಮನಿಸಬೇಕು.)

ಈಗ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ತೆಗೆಯಿರಿ. ಮೊದಲ ಪ್ರಸಂಗ 1901ರದು. ಒಂಬತ್ತು ವರ್ಷದ ಹುಡುಗ ಅಣ್ಣನ ಮತ್ತು ಅಕ್ಕನ ಮಕ್ಕಳ ಜೊತೆ ಸತಾರಾದಿಂದ ಗೋರೇಗಾಂವಿನಲ್ಲಿದ್ದ ತಂದೆಯ ಬಳಿಗೆ ಹೊರಟದ್ದು. ವಕೀಲರ ಕ್ರಮದಲ್ಲಾದರೆ ಕತೆ ನೇರ ಮಸೂರ್ ಸ್ಟೇಷನ್ನಿನಲ್ಲಿ ಶುರುವಾಗಬೇಕಿತ್ತು. ಅವರು ಹೊಸ ಅಂಗಿಯಿಂದ, ಮಿನುಗುವ ಟೋಪಿಯಿಂದ, ರೇಷ್ಮೆ ಅಂಚಿನ ಪಂಚೆಯಿಂದ, ರೈಲಿನ ಸಂಭ್ರಮದಿಂದ ಹೊರಡುತ್ತಾರೆ. ಜಾತಿ ಕೇಳಿದ ಸ್ಟೇಷನ್ ಮಾಸ್ತರನ ಮುಖ ಬದಲಾದದ್ದು ನಮಗೆ ತಟ್ಟುವುದು ಆ ಟೋಪಿ ಮಿನುಗುತ್ತಿರುವುದರಿಂದಲೇ. ರಾತ್ರಿಯ ಭಾಗ ಇನ್ನೂ ಹಾಗೆ. ಬುತ್ತಿ ತುಂಬ ಇದೆ, ನೀರಿಲ್ಲ; ಉಣ್ಣದೆ ಮಲಗಿದರು. ನೀರಿನ ಹಕ್ಕಿಗಾಗಿ 1927ರಲ್ಲಿ ಮಹಾಡಿನ ಕೆರೆಗೆ ಇಳಿದ ನಾಯಕ ಬರೆಯುವಾಗಲೂ, ಎದುರಿಗಿದ್ದು ತಿನ್ನಲಾಗದ ಬುತ್ತಿಯನ್ನು ಅಳಿಸಿ ಬರೀ ನೀರಿನ ವಾದ ಮಾಡಲಿಲ್ಲ. ಮಗುವಿನ ಆಸೆ ಎಲ್ಲಿ ಸಿಕ್ಕಿಹಾಕಿಕೊಂಡಿತ್ತೋ ಕತೆಯನ್ನು ಅಲ್ಲೇ ಇಟ್ಟರು.

ಬಾಮಾ ಅವರ 'ಕರುಕ್ಕು' (1992) ಇದನ್ನು ಇನ್ನೊಂದು ಮಗ್ಗುಲಿನಿಂದ ತೋರಿಸುತ್ತದೆ. ಮೂರನೇ ತರಗತಿಯ ಹುಡುಗಿ ಬೀದಿಯಲ್ಲಿ ಬರುತ್ತಿದ್ದಾಳೆ. ತಮ್ಮ ಕೇರಿಯ ಹಿರಿಯನೊಬ್ಬ ತಿಂಡಿಯ ಪೊಟ್ಟಣವನ್ನು ಮುಟ್ಟದೆ, ದಾರ ಹಿಡಿದು ತೂಗಾಡಿಸಿಕೊಂಡು ನಾಯ್ಕರ್‌ಗೆ ಒಯ್ಯುತ್ತಾನೆ. ಹುಡುಗಿಗೆ ನಗು ತಡೆಯಲಾಗುವುದಿಲ್ಲ. ಮನೆಗೆ ಹೋಗಿ ಅಣ್ಣನಿಗೆ ತಮಾಷೆಯಾಗಿ ಹೇಳುತ್ತಾಳೆ. ಅಣ್ಣ ನಗುವುದಿಲ್ಲ, ಕೈ ಯಾಕೆ ತಾಗಬಾರದು ಅಂತ ಬಿಡಿಸಿ ಹೇಳುತ್ತಾನೆ. ನಗು ಅಲ್ಲೇ ನಿಂತು ಸಿಟ್ಟು ಹುಟ್ಟುತ್ತದೆ. ಘಟನೆ ಒಂದೇ, ಕತೆ ಎರಡು; ಬೇರೆ ಮಾಡಿದ್ದು ಕೇಳಿದವನ ಮುಖ. ದೊಡ್ಡವಳಾದ ಲೇಖಕಿ ಮೊದಲಿನ ನಗುವಿಗೆ ನಾಚಿ ಅದನ್ನು ತಿದ್ದಲಿಲ್ಲ. ತಿದ್ದಿದ್ದರೆ ನಮಗೆ ಸಿಟ್ಟು ಸಿಗುತ್ತಿತ್ತು, ಅದು ಹುಟ್ಟಿದ ಗಳಿಗೆ ಸಿಗುತ್ತಿರಲಿಲ್ಲ.

'ಊರುಕೇರಿ'ಯ ಹುಡುಗನೂ ನಗುತ್ತಾನೆ. ಡಿ.ಆರ್. ನಾಗರಾಜ್ ಆ ನಗುವನ್ನು ಬಡವರ ಶಕ್ತಿಯಾಗಿ ಕಂಡರು; ಒಪ್ಪುತ್ತೇನೆ, ಆದರೆ ಅದು ಬೆಳೆದ ಕವಿಯ ನಗುವಿಗೆ ಹೆಚ್ಚು ಹೊಂದುವ ಮಾತು. ಅಪ್ಪ ಇನ್ನೊಬ್ಬನ ಜೊತೆ ಎತ್ತಿನ ಹಾಗೆ ನೊಗಕ್ಕೆ ಹೆಗಲು ಕೊಟ್ಟದ್ದನ್ನು ಕಂಡ ಹುಡುಗನಲ್ಲಿ ಸಿಟ್ಟು ಎಲ್ಲಿ ಅಂತ ಹುಡುಕುವ ಗೆಳೆಯರನ್ನು ನಾನು ಕೇಳುವುದು ಬೇರೆ: ಬಾಮಾಗೆ ಇದ್ದಂಥ ಅಣ್ಣನೊಬ್ಬ ಆ ಹೊಲದ ಬದುವಿನ ಮೇಲೆ ಅವನ ಪಕ್ಕದಲ್ಲಿ ಕೂತಿದ್ದನೇ?