ಹೆಬ್ಬೆಟ್ಟಿಗೆ ಓಟಿಪಿ ಇಲ್ಲ

'ಓಟಿಪಿ ಯಾರಿಗೂ ಹೇಳಬೇಡಿ' ಎಂಬ ಪ್ರಚಾರವಾಕ್ಯದ ಬಗ್ಗೆ ನಮಗೆ ತಕರಾರಿದೆ. ಹಣ ಹೋದರೆ ತಪ್ಪು ಹೇಳಿದವರದೇ ಎಂಬ ಧ್ವನಿ ಅದರದು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಿಂದಲೇ ಬೆರಳಚ್ಚು ಎತ್ತಿ ಖಾತೆ ಬರಿದು ಮಾಡಿದರಲ್ಲ, ಆ ಜನ ಯಾರಿಗೆ ಏನು ಹೇಳಿದ್ದರು? ಆಧಾರ್ ಆಧಾರಿತ ಪಾವತಿಗೆ ಓಟಿಪಿ ಬೇಡ, ಹೆಬ್ಬೆಟ್ಟು ಸಾಕು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಗೆ ಭಾರತ್‌ನೆಟ್ ತಂತಿ ಬರಲಿ, ಬಂದೇ ತೀರಬೇಕು. ಆದರೆ ತಂತಿಯ ಹಿಂದೆಯೇ ಬೆರಳು ಒತ್ತಿಸುವ ಯಂತ್ರವೂ ಬರುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬೆರಳು ಸವೆದ ಹೆಣ್ಣುಮಗಳು ಅದರ ಮೇಲೆ ಮೂರು ಮೂರು ಸಲ ಒತ್ತುತ್ತಾಳೆ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರ ಕೊಟ್ಟಿದೆಯೇನೋ ನಿಜ. ಬೀಗ ಬಿದ್ದ ಬೆರಳನ್ನು ರೇಷನ್ ಅಂಗಡಿಯ ಯಂತ್ರವೂ ಒಪ್ಪದು. ತೆರೆಯಲು ಓಟಿಪಿ ಬೇಕು. ಅದು ಬರುವ ಮೊಬೈಲು ಮಗನ ಕಿಸೆಯಲ್ಲಿ.