ಹೆಚ್ಚಿದ ಮೊತ್ತ, ಕರಗಿದ ಕುಲ: ಮಹಶೀರ್ ಸಂಶೋಧನೆಯ ಒಂದು ವಿಮರ್ಶೆ

ತಾಂಡವಪುರ, ನಂಜನಗೂಡುಗಳ ಸೀಮೆಗೆ ಆಶ್ರಯವಾದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಕಪಿಲೆಯಲ್ಲಿಯೇ 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು 120 ಪೌಂಡ್, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಅದು ದಾಖಲೆಯೆಂದು ಕೊಂಡಾಡಲ್ಪಟ್ಟಿತು. ಅಷ್ಟು ಬೃಹತ್ತಾಗಿ ಬೆಳೆಯಬಲ್ಲ ಗೂನುಬೆನ್ನಿನ ಮಹಶೀರ್‌ನ ಕುಲವೇ ಇಂದು ಅಳಿವಿನ ಅಂಚಿಗೆ ಬಂದಿದೆ. ಇದು ಹೇಗಾಯಿತೆಂದು ವಿಚಾರಿಸುವ ಪ್ರಬಂಧಗಳು 2015 ಮತ್ತು 2018ರಲ್ಲಿ ಪ್ರಕಟವಾದವು. ಜೀವದಯೆಯನ್ನು ವ್ರತವಾಗಿ ಸ್ವೀಕರಿಸಿದವರು ಇವನ್ನು ಅವಶ್ಯ ಪರಾಂಬರಿಸಬೇಕು.

ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ರಾಬರ್ಟ್ ಬ್ರಿಟನ್ ಮತ್ತು ಕೇರಳದ ರಾಜೀವ್ ರಾಘವನ್ ಅವರು 1998ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿದರು. ಕಾವೇರಿಯ ಗಾಳದ ಶಿಬಿರಗಳಲ್ಲಿ ಹಿಡಿದು ಮರಳಿ ನೀರಿಗೆ ಬಿಟ್ಟ ಮೀನುಗಳ ಲೆಕ್ಕವದು. ಒಟ್ಟು ಮೊತ್ತವನ್ನಷ್ಟೇ ನೋಡಿದರೆ ನದಿಯು ಸಮೃದ್ಧವೆಂದೇ ತೋರುತ್ತದೆ. ಆದರೆ ಸಂಶೋಧಕರು ಎರಡು ಬಗೆಯ ಮಹಶೀರ್‌ಗಳ ಲೆಕ್ಕವನ್ನು ಬೇರ್ಪಡಿಸಿದರು. ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು, ಗೂನುಬೆನ್ನಿನದು ಕ್ಷೀಣಿಸಿತ್ತು. ಸಿಕ್ಕವು ಕೂಡ ಬರಬರುತ್ತ ದೊಡ್ಡವೇ ಆಗಿದ್ದವು. ಮರಿಗಳು ಬರದೆ ಮುದಿ ಮೀನುಗಳು ಮಾತ್ರ ಉಳಿದಿವೆಯೆಂಬುದು ಇದರ ತಾತ್ಪರ್ಯ. ಲಾಭದ ಅಂಗಡಿಯ ಮೊತ್ತದಲ್ಲಿ ನಷ್ಟದ ಅಂಗಡಿಯು ಮುಚ್ಚಿಹೋಗುವಂತೆ, ಒಂದು ಕುಲದ ವೃದ್ಧಿಯಲ್ಲಿ ಮತ್ತೊಂದು ಕುಲದ ನಾಶ ಅಡಗಿತ್ತು. ಎರಡು ಖಾತೆಗಳನ್ನು ಬಿಡಿಸಿ ತೋರಿಸಿದ್ದು ಈ ಸಂಶೋಧನೆಯ ಹಿರಿಮೆ.

ನೀಲಿ ರೆಕ್ಕೆಯ ಮೀನು ಬಂದುದೆಲ್ಲಿಂದ? 1970ರ ದಶಕದಲ್ಲಿ ಲೋನಾವಳದಲ್ಲಿ ಈ ಜಾತಿಯ ಮರಿಗಳನ್ನು ಕೃತಕವಾಗಿ ಬೆಳೆಸುವ ಕಾರ್ಯ ಆರಂಭವಾಯಿತು. ಮಹಶೀರ್ ಕಡಿಮೆಯಾಗುತ್ತಿದೆ, ಹೆಚ್ಚಿಸಬೇಕು ಎಂಬ ಸದುದ್ದೇಶದಿಂದ ಅವು ಕಾವೇರಿಗೂ ಬಂದವು. ಹೆಸರು ಒಂದೇ ಆದ್ದರಿಂದ ಮೀನೂ ಒಂದೇ ಎಂದು ಭಾವಿಸಲಾಯಿತು. ಕಾವೇರಿ ಕೊಳ್ಳಕ್ಕಷ್ಟೇ ಸೀಮಿತವಾದ ಗೂನುಬೆನ್ನಿನ ಮೀನಿನ ಶಾಸ್ತ್ರೀಯ ನಾಮವೂ ಆಗ ಗೊಂದಲದಲ್ಲಿತ್ತು. 2018ರ ಪ್ರಬಂಧವು ದೇಹರಚನೆ, ವಂಶವಾಹಿ ಹಾಗೂ ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ, ಇದು 2007ರಲ್ಲಿ ಪಾಂಬಾರ್ ಹೊಳೆಯ ಮೀನಿಗೆ ಕೊಟ್ಟ 'ಟೋರ್ ರೆಮಾದೇವಿ' ಎಂಬ ಹೆಸರಿನ ಜಾತಿಯೇ ಎಂದು ನಿರ್ಣಯಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅತ್ಯಂತ ಗಂಡಾಂತರಕ್ಕೊಳಗಾದ ಜಾತಿಯೆಂದು ಸೇರಿತು. ಹೆಸರಿಲ್ಲದ ಜೀವಕ್ಕೆ ರಕ್ಷಣೆಯ ಕಾನೂನು ದೊರಕುವುದು ಕಷ್ಟ. ಹೆಸರಿಡುವ ಶುಷ್ಕ ಶಾಸ್ತ್ರವೂ ಹೀಗೆ ದಯೆಯ ಒಂದು ಅಂಗವಾಗುತ್ತದೆ.

ಆದರೂ ಕೆಲವು ಆಕ್ಷೇಪಗಳಿಗೆ ಎಡೆಯಿದೆ. ಗಾಳದ ಕೊಕ್ಕೆ ಸಣ್ಣ ಮೀನನ್ನು ಹಿಡಿಯದಿರಬಹುದಷ್ಟೆ? ಅದೇ ಕೊಕ್ಕೆಗೆ ನೀಲಿ ರೆಕ್ಕೆಯ ಸಣ್ಣ ಮೀನುಗಳು ಸಿಕ್ಕಿರುವುದರಿಂದ ಈ ಆಕ್ಷೇಪ ನಿಲ್ಲುವುದಿಲ್ಲ. ಎರಡನೆಯದು ಬಲವಾದುದು. ಹೊಸ ಮೀನು ಬಂದ ಮೇಲೆ ಹಳೆಯದು ಕ್ಷೀಣಿಸಿತೆಂಬ ಕಾಲಕ್ರಮವು ಶಂಕೆಗೆ ಆಧಾರವಾದೀತು. ಅದೊಂದೇ ಕಾರಣವೆಂದು ಸಿದ್ಧವಾಗದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಸಾಗುವ ಈ ಮೀನಿನ ದಾರಿಗೆ ಅಣೆಕಟ್ಟುಗಳು ಅಡ್ಡವಾಗಿವೆ. ಕಪಿಲೆಯ ಅಣೆಕಟ್ಟು ಮುಗಿದದ್ದು 1974ರಲ್ಲಿ. ಮರಳುಗಾರಿಕೆ, ಸಿಡಿಮದ್ದುಗಳ ಪಾಲೂ ಇದೆ. ಮೂರನೆಯದು ನೀತಿಗೆ ಸಂಬಂಧಿಸಿದ್ದು: ಈ ಜ್ಞಾನ ಲಭಿಸಿದ್ದು ವಿನೋದಕ್ಕಾಗಿ ಮೀನಿನ ಬಾಯಿಗೆ ಚುಚ್ಚಿದ ಕೊಕ್ಕೆಯಿಂದ. ಮರಳಿ ಬಿಟ್ಟಮಾತ್ರಕ್ಕೆ ನೋವು ಇಲ್ಲವಾಗದು. ಆ ಲೆಕ್ಕವನ್ನು ಸತ್ಯವೆಂದು ಸ್ವೀಕರಿಸುವುದು ಬೇರೆ, ಆ ವಿನೋದವನ್ನು ಸಮರ್ಥಿಸುವುದು ಬೇರೆ. ಜೀವಿಯನ್ನು ಹಿಂಸಿಸದೆ ಎಣಿಸುವ ಮಾರ್ಗವನ್ನು ವಿಜ್ಞಾನಿಗಳು ಅರಸಬೇಕೆಂದು ಕೇಳುವ ಅಧಿಕಾರ ಶ್ರಾವಕರಿಗಿದೆ.

ಹಾಗೆ ಕೇಳುವವರು ತಮ್ಮ ನಡೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಪರ್ವದಿನಗಳಲ್ಲಿ ಮೀನುಗಳನ್ನು ಕೊಂಡು ಹೊಳೆಗೋ ಕಲ್ಯಾಣಿಗೋ ಬಿಡುವುದು ಪುಣ್ಯವೆಂಬ ಭಾವನೆ ಹಲವರಲ್ಲಿದೆ. ಬಿಟ್ಟ ಮೀನು ಯಾವ ಜಾತಿಯದು, ಯಾವ ನೀರಿನದು ಎಂದು ವಿಚಾರಿಸುವವರು ವಿರಳ. ಕೊಳ್ಳುವವರಿದ್ದಾರೆಂದು ಹಿಡಿಯುವವರೂ ಹೆಚ್ಚುತ್ತಾರೆ. ಬಿಟ್ಟ ಜೀವವೊಂದು ಉಳಿದು ಅಲ್ಲಿಯ ನೂರು ಜೀವಗಳ ಎಡೆಯನ್ನು ಕಸಿದರೆ ಫಲವೇನು? ಪ್ರಮಾದದಿಂದಾದುದೂ ಹಿಂಸೆಯೇ ಎಂಬುದು ಧರ್ಮದ ನಿರ್ಣಯವಲ್ಲವೇ?

ಈ ಪ್ರಶ್ನೆಗೆ ಉತ್ತರ ಮನೆಮನೆಯ ಆಚಾರದಲ್ಲಿಯೇ ಇದೆ. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಯಾವ ಬಾವಿಯಿಂದ ನೀರು ಸೇದಿತೋ ಅದೇ ಬಾವಿಗೆ ಜೋಪಾನವಾಗಿ ತಲುಪಿಸಬೇಕು. ಒಂದು ನೀರಿನ ಜೀವ ಮತ್ತೊಂದು ನೀರಿನಲ್ಲಿ ಬಾಳದೆಂಬ ಅರಿವು ಆ ವಿಧಿಯಲ್ಲಿದೆ. ಒಂದು ನೀರಿನ ಜೀವವನ್ನು ಮತ್ತೊಂದು ನೀರಿಗೆ ಬಿಡುವಾಗ ಎಚ್ಚರ ಬೇಕೆಂದು ಪ್ರಬಂಧಗಳ ಅಂಕಿಗಳೂ ಸೂಚಿಸುತ್ತವೆ.

ಬಸದಿಗಳ ದತ್ತಿಮಂಡಳಿಗಳು ಮೀನು ಕೊಂಡು ಬಿಡುವ ಪದ್ಧತಿಯನ್ನು ನಿಲ್ಲಿಸಿ, ಆ ನಿಧಿಯನ್ನು ಹೊಳೆಯ ನೀರಿನ ಪರೀಕ್ಷೆಗೆ, ಕಾರ್ಖಾನೆಗಳ ಹಾಗೂ ಊರಿನ ಕೊಳಚೆ ಶುದ್ಧವಾಗದೆ ಹೊಳೆ ಸೇರದಂತೆ ನೋಡುವ ಪ್ರಯತ್ನಕ್ಕೆ ವಿನಿಯೋಗಿಸುವುದು ಲೇಸು. ಮೇಲಿನ ದಾಖಲೆಗಳು ಕಾವೇರಿಯ ನಡುಹರಿವಿಗೆ ಸೇರಿದವು. ಕಪಿಲೆಗೂ ಅಂಥ ಅಧ್ಯಯನ ಬೇಕು. ಅದಕ್ಕೆ ನೆರವಾಗುವುದೂ ಜ್ಞಾನದಾನ, ಅಭಯದಾನಗಳೆರಡೂ ಹೌದು.